ಜೈಲಿಗೆ ಕ್ಯಾಮೆರಾ ಆರಿಸಿದ ಚಳಿಗಾಲ

ಹೋದ ವಾರ ಕೋರ್ಟಿನ ಕೆಲಸವಿತ್ತು, ಅರಸೀಕೆರೆಯಲ್ಲಿ ರೈಲಿಳಿದೆ. ಸ್ಟೇಷನ್ನಿನಿಂದ ಹೊರಗೆ ಬರುತ್ತಿದ್ದ ಹಾಗೆ ಯಾವುದೋ ಸಣ್ಣ ಹೋಟೆಲಿನ ಹಿಂಬಾಗಿಲಿನಿಂದ ರಾಗಿ ಹಿಟ್ಟು ಬೇಯುವ ವಾಸನೆ ಬಂತು. ದೊಡ್ಡ ಪಾತ್ರೆಯಲ್ಲಿ, ಸೌದೆ ಒಲೆಯ ಮೇಲೆ ಬೇಯುವ ಹಿಟ್ಟಿನದು. ಮನೆಯದಕ್ಕಿಂತ ಹೊಗೆ ಜಾಸ್ತಿ, ತಳ ಹಿಡಿದ ಕಮಟು ಜಾಸ್ತಿ. ಬೇರೆಯವರಿಗೆ ಇದರಿಂದ ಹಸಿವಾಗಬಹುದು, ಅವ್ವನ ನೆನಪಾಗಬಹುದು. ನನಗೆ ಜೈಲು ನೆನಪಾಗುತ್ತದೆ.

ಗಾಬರಿಯಾಗಬೇಡಿ, ನಾನು ಒಳಗಿದ್ದವಳಲ್ಲ. ಅರಸೀಕೆರೆಯ ಸಣ್ಣ ಜೈಲಿನ ಕ್ಯಾಮೆರಾಗಳಿಗೆ ಎಐ ಸಾಫ್ಟ್‌ವೇರ್ ಆರಿಸುವ ಸಮಿತಿಯಲ್ಲಿ ಒಂದು ಚಳಿಗಾಲ ಪೂರ್ತಿ ಕೂತಿದ್ದವಳು. ಕಾರ್ತಿಕದಲ್ಲಿ ಶುರುವಾಗಿ ಸಂಕ್ರಾಂತಿಯ ಹೊತ್ತಿಗೆ ಮುಗಿದ ಕೆಲಸ. ಅಷ್ಟು ಚಿಕ್ಕ ಕಾಲಕ್ಕೆ ಇಷ್ಟು ಜನರ ಋಣ ಹೇಗೆ ಬಿತ್ತು ಅಂತ ಈಗಲೂ ಲೆಕ್ಕ ಸಿಗುವುದಿಲ್ಲ.

ಆಗ ನಾನು ಕಾನೂನು ಓದು ಮುಗಿಸಿ ಅರಸೀಕೆರೆಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ದಿನಾ ಬಾಣಾವರದಿಂದ ರೈಲಲ್ಲಿ ಓಡಾಟ. ಓದಿದ ವರ್ಷಗಳನ್ನೆಲ್ಲ ಚರ್ಚಾಸ್ಪರ್ಧೆಗಳಲ್ಲೇ ಕಳೆದಿದ್ದೆ. ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ. ಆದರೆ ವಿರೋಧ ಸಿಕ್ಕ ದಿನ ಊಟ ಹೆಚ್ಚು ಸೇರುತ್ತಿತ್ತು. ಹಾಗಿರುವಾಗ ಪೊಲೀಸರು ಒಂದು ಸಾರ್ವಜನಿಕ ಸಭೆ ಕರೆದರು. ಬೇಲೂರು, ಹಳೇಬೀಡಿನಂಥ ಪ್ರವಾಸಿಗರ ಜಾಗಕ್ಕೂ ನಮ್ಮ ಕಡೆಯ ಸಣ್ಣ ಜೈಲಿಗೂ ಸೇರಿಸಿ ಒಂದೇ ಸಾಫ್ಟ್‌ವೇರ್ ತರುವ ಯೋಚನೆ ಇದೆ, ಕ್ಯಾಮೆರಾ ತಾನೇ ನೋಡಿ ತಾನೇ ಎಚ್ಚರಿಸುತ್ತದೆ, ನಿಮ್ಮ ಸಲಹೆ ಏನು ಅಂದರು. ಎಲ್ಲರೂ ತಲೆಯಾಡಿಸಿದರು. ನಾನು ಎದ್ದು ನಿಂತೆ. ಈ ಸಾಫ್ಟ್‌ವೇರ್ ಯಾರ ಮುಖ ನೋಡಿ ಕಲಿತಿದೆ? ತಪ್ಪು ಮನುಷ್ಯನನ್ನು ತೋರಿಸಿದರೆ ಆ ತಪ್ಪು ಯಾರದು, ಯಂತ್ರದ್ದೋ ನಿಮ್ಮದೋ? ಚಿತ್ರ ಎಲ್ಲಿಗೆ ಹೋಗುತ್ತದೆ, ಎಷ್ಟು ದಿನ ಇರುತ್ತದೆ, ಯಾರು ನೋಡುತ್ತಾರೆ? ಉಸಿರು ತೆಗೆದುಕೊಳ್ಳೋಕೆ ನಿಲ್ಲಿಸಿದಾಗ ವೇದಿಕೆಯ ಮೇಲಿದ್ದ ಇನ್‌ಸ್ಪೆಕ್ಟರ್ ಸುಧಾಮಣಿ ಮೇಡಂ ಮೈಕ್ ಎಳೆದುಕೊಂಡರು.

"ಇಷ್ಟು ಪ್ರಶ್ನೆ ಇಟ್ಕೊಂಡೋರು ಹೊರಗಿರಬಾರದು. ಒಳಗೆ ಬನ್ನಿ."

"ಯಾವುದರ ಒಳಗೆ ಮೇಡಂ?" ಅಂದೆ.

ಸಭೆ ನಕ್ಕಿತು. ಅವರೂ ನಕ್ಕರು. ಮುಂದಿನ ವಾರ ನಾನು ಸಮಿತಿಯಲ್ಲಿದ್ದೆ. ನಿನ್ನ ಬಾಯಿ ಮುಚ್ಚಿಸೋಕೆ ಕುರ್ಚಿ ಕೊಟ್ಟಿದ್ದಾರೆ ಕಣೇ ಅಂತ ಗೆಳತಿ ಎಚ್ಚರಿಸಿದಳು. ಇರಬಹುದು. ಆದರೆ ಕುರ್ಚಿಯಲ್ಲಿ ಕೂತೂ ಬಾಯಿ ತೆರೆಯಬಹುದಲ್ಲ.

ಸಮಿತಿಯಲ್ಲಿ ನಾವು ಮೂವರು: ಹಳೇಬೀಡಿನ ಕಡೆ ನೋಡಿಕೊಳ್ಳುತ್ತಿದ್ದ ಸುಧಾಮಣಿ ಮೇಡಂ, ಜೈಲರ್ ಗಂಗಾಧರಯ್ಯನವರು, ನಾನು. ಗಂಗಾಧರಯ್ಯನವರಿಗೆ ನಿವೃತ್ತಿ ಹತ್ತಿರ ಬಂದಿತ್ತು. ಮಫ್ಲರ್ ಕಟ್ಟಿಕೊಂಡು, ಮೇಜಿನ ಆ ಕಡೆ ಮೆಲ್ಲಗೆ ಮಾತಾಡುವ ಮನುಷ್ಯ. ಮೊದಲ ಸಭೆಯಲ್ಲೇ ನಾನು ನನ್ನ ವಾದ ಮಂಡಿಸಿದೆ. ಕೈದಿಯೂ ಮನುಷ್ಯ, ನಿದ್ದೆ ಮಾಡುವಾಗಲೂ ಯಂತ್ರ ಅವನನ್ನು ದಿಟ್ಟಿಸುತ್ತಿರಬೇಕಿಲ್ಲ, ಇದು ಬೇಡವೇ ಬೇಡ ಅಂದೆ. ಅವರು ಪೂರ್ತಿ ಕೇಳಿದರು.

"ಚೆನ್ನಾಗಿ ಮಾತಾಡ್ತೀರಮ್ಮ," ಅಂದರು. "ಬನ್ನಿ, ಒಬ್ಬರನ್ನ ತೋರಿಸ್ತೀನಿ."

ಬ್ಯಾರಕ್ಕಿನ ಕಂಬಿಗಳ ಆಚೆ, ಗೋಡೆ ಕಡೆ ಮುಖ ಮಾಡಿ, ಕರಿ ಕಂಬಳಿಯನ್ನು ತಲೆಯಿಂದ ಕಾಲಿನ ತನಕ ಹೊದ್ದುಕೊಂಡು ಒಬ್ಬ ಮಲಗಿದ್ದ. ಹೊರಗೆ ಬಿಸಿಲು ಚೆನ್ನಾಗಿ ಬಿದ್ದಿತ್ತು. ಉಳಿದವರೆಲ್ಲ ಅಂಗಳದಲ್ಲಿ ಬೆನ್ನು ಕಾಯಿಸುತ್ತಿದ್ದರು.

"ಶಿವಣ್ಣ ಅಂತ. ಹಗರೆ ಹತ್ತಿರದವನು. ಎರಡು ಹಸು ಕಟ್ಕೊಂಡು ಡೈರಿಗೆ ಹಾಲು ಹಾಕ್ತಿದ್ದ. ಬದುವಿನ ಜಗಳದಲ್ಲಿ ಸ್ವಂತ ತಮ್ಮನಿಗೆ ಗುದ್ದಲಿ ಕಾವಲ್ಲಿ ಹೊಡೆದು ಬಂದವ್ನೆ. ತಮ್ಮ ಆಸ್ಪತ್ರೇಲಿ ಹುಷಾರಾಗ್ತಾ ಇದಾನೆ. ಇವನು ಆಗ್ತಾ ಇಲ್ಲ. ಊಟ ಮುಟ್ಟಲ್ಲ, ಮಾತಾಡಲ್ಲ, ಹೆಂಡತಿ ನೋಡೋಕೆ ಬಂದ್ರೆ ಏಳಲ್ಲ. ಡಾಕ್ಟರು ಬಂದು ನೋಡಿದ್ರು, ಒಂಟಿಯಾಗಿ ಬಿಡಬೇಡಿ ಅಂದ್ರು." ದನಿ ತಗ್ಗಿಸಿ ಹೇಳಿದರು: "ಹಿಂದೆ ಬೇರೆ ಜಿಲ್ಲೇಲಿದ್ದಾಗ ಹಿಂಗೇ ಒಬ್ಬ ಹುಡುಗ ಇದ್ದ. ಒಂದು ಬೆಳಿಗ್ಗೆ ಬಾಗಿಲು ತೆಗೆದೆ. ಆಮೇಲೆ ಅವರಪ್ಪನಿಗೆ ಫೋನ್ ಮಾಡಬೇಕಾಯ್ತು. ನನ್ನ ಹತ್ರ ಇರೋ ಸಿಬ್ಬಂದಿಗೆ ಎರಡೇ ಕಣ್ಣು ಕಣಮ್ಮ. ಗೇಟೂ ಅವರೇ, ಗೋಡೆನೂ ಅವರೇ, ಕೋರ್ಟಿಗೆ ಕರ್ಕೊಂಡು ಹೋಗೋದೂ ಅವರೇ. ಸಾಫ್ಟ್‌ವೇರ್ ಬೇಡ ಅಂತ ನೀವು ಗೆಲ್ಲಿ. ಗೆದ್ದ ಮೇಲೆ ಇವನನ್ನ ಯಾರು ನೋಡ್ಕೋತಾರೆ, ಅದೊಂದು ಹೇಳಿ ಹೋಗಿ."

ಚರ್ಚಾಸ್ಪರ್ಧೆಯಲ್ಲಿ ಇಂಥ ಪ್ರಶ್ನೆಗೆ ಉತ್ತರ ಇರುತ್ತದೆ. 'ಎದುರಾಳಿಗಳು ಭಾವನೆಯ ಮೊರೆ ಹೋಗಿದ್ದಾರೆ' ಅಂದುಬಿಡಬೇಕು. ನಾನು ಅನ್ನಲಿಲ್ಲ. ಎದುರಿಗಿದ್ದದ್ದು ಭಾವನೆಯಲ್ಲ, ಕಂಬಳಿಯೊಳಗೆ ಮುದುರಿಕೊಂಡಿದ್ದ ಒಬ್ಬ ಮನುಷ್ಯ. ಅಂದಿನಿಂದ ನನ್ನ ಕೆಲಸ ಬೇಡ ಅನ್ನುವುದಲ್ಲ, ಯಾವುದು ಅನ್ನುವುದಾಯಿತು. ಅದು ಬಹಳ ಕಷ್ಟದ್ದು.

ಮೊದಲ ಕಂಪನಿಯದು ಎಲ್ಲದಕ್ಕೂ ಒಂದೇ ಸಾಫ್ಟ್‌ವೇರ್. ಮುಖ ಗುರುತಿಸುತ್ತದೆ, ಹೊಡೆದಾಟ ಗುರುತಿಸುತ್ತದೆ, ಆಯುಧ ಗುರುತಿಸುತ್ತದೆ. ತಂದು ತೋರಿಸಲು ಚೇತನ್ ಅನ್ನುವವರು ಬೆಂಗಳೂರಿನಿಂದ ಬಂದಿದ್ದರು. ಜೈಲರ್ ಕೋಣೆಯಲ್ಲಿ ಪರದೆ ಹಚ್ಚಿ, ಇನ್ನು ನೀವು ಆರಾಮಾಗಿ ಟೀ ಕುಡೀಬಹುದು ಸರ್ ಅಂದರು. ಟೀ ಇನ್ನೂ ತುಟಿಗೆ ಬಂದಿರಲಿಲ್ಲ, ಪರದೆ ಪೂರ್ತಿ ಕೆಂಪಾಯಿತು. ಗಂಟೆ ಹೊಡೆದುಕೊಂಡಿತು. ಹಲ್ಲೆ ನಡೆಯುತ್ತಿದೆ, ಇಬ್ಬರ ಕೈಯಲ್ಲೂ ಆಯುಧ.

"ಅಡುಗೆ ಮನೆ ಕಡೆ ಸರ್!" ಅಂತ ಚೇತನ್ ಕುರ್ಚಿ ಬಿಟ್ಟು ಎದ್ದರು. ಓಡಿದೆವು.

ಒಲೆಯ ಮುಂದೆ ಇಬ್ಬರು ಕೈದಿಗಳು. ಒಬ್ಬ ಕವೆಕೋಲಿನಿಂದ ಪಾತ್ರೆ ಅಲುಗದ ಹಾಗೆ ಅದುಮಿ ಹಿಡಿದಿದ್ದ. ಇನ್ನೊಬ್ಬ ಸೊಂಟ ಬಗ್ಗಿಸಿ, ಎರಡೂ ಕೈಯಲ್ಲಿ ಕೋಲು ಹಿಡಿದು, ಹಲ್ಲು ಕಚ್ಚಿಕೊಂಡು ಮುದ್ದೆಯ ಹಿಟ್ಟು ತಿರುವುತ್ತಿದ್ದ. ನಮ್ಮೆಲ್ಲರ ದಂಡು ನೋಡಿ ಕೈ ನಿಲ್ಲಿಸಿದ.

"ಏನ್ ಸಾ?"

ಹಿರಿಯ ವಾರ್ಡರ್ ಮಹದೇವಣ್ಣ ಹಿಂದಿನಿಂದ ಏದುಸಿರು ಬಿಡುತ್ತಾ ಬಂದು ನೋಡಿದ. "ಹೊಡೆದಾಟ ಆಗ್ತಿರೋದೇನೋ ನಿಜ ಸಾ. ಪೆಟ್ಟು ಬೀಳ್ತಿರೋದು ಹಿಟ್ಟಿಗೆ." ಆಮೇಲೆ ಕೈದಿಯ ಕಡೆ ತಿರುಗಿ, "ನಿಲ್ಲಿಸ್‌ಬೇಡ ಕಣ್ಲಾ, ಗಂಟಾಯ್ತದೆ!" ಅಂತ ಗದರಿದ.

"ಇದು ನಮ್ಮ ಟ್ರೈನಿಂಗ್ ಡೇಟಾದಲ್ಲಿ ಇಲ್ಲ ಮೇಡಂ," ಅಂದರು ಚೇತನ್, ಬೆವರು ಒರೆಸಿಕೊಳ್ಳುತ್ತಾ.

"ಅಂದ್ರೆ ನಿಮ್ಮ ಸಾಫ್ಟ್‌ವೇರ್ ಇನ್ನೂ ಮುದ್ದೆ ಉಂಡಿಲ್ಲ," ಅಂದೆ.

ಆ ಮಧ್ಯಾಹ್ನ ಅವರಿಗೆ ಅಲ್ಲೇ ಮುದ್ದೆ, ಅವರೆಕಾಳಿನ ಸಾರು ಬಡಿಸಿದರು. ಪಾಪ, ಒಳ್ಳೆಯ ಮನುಷ್ಯ, ಎರಡನೇ ಸಲ ಸಾರು ಹಾಕಿಸಿಕೊಂಡರು. ಆದರೆ ನಾನು ಬಿಡಲಿಲ್ಲ. ಮುದ್ದೆ ಕೋಲು ಆಯುಧ ಅಂತ ಹೇಳುವ ಯಂತ್ರ ನಾಳೆ ಮುಖ ನೋಡಿ ಏನೇನು ಹೇಳಬಹುದು? ಅದನ್ನು ಹಳೇಬೀಡಿನಲ್ಲಿ ನೋಡೋಣ ಅಂದರು ಸುಧಾಮಣಿ ಮೇಡಂ. ಸರಗಳ್ಳರ ಕಾಟಕ್ಕೆ ಅವರಿಗೆ ಮುಖ ಗುರುತಿಸುವುದು ಬೇಕೇ ಬೇಕಿತ್ತು.

ಅವರ ಜೀಪಿನಲ್ಲಿ ಹೋದ ದಿನದ ದಾರಿ ಇನ್ನೂ ಕಣ್ಣಲ್ಲಿದೆ. ಇಬ್ಬನಿ ಹತ್ತು ಗಂಟೆಯಾದರೂ ಕರಗಿರಲಿಲ್ಲ. ಟಾರ್ ರಸ್ತೆಯ ಮೇಲೆ ಹುರುಳಿ ಹರವಿದ್ದರು, ಹೋಗಿ ಬರುವ ಗಾಡಿಗಳೇ ಒಕ್ಕಣೆ ಮಾಡಿಕೊಡಲಿ ಅಂತ. ಡ್ರೈವರ್ ನಿಧಾನ ಮಾಡಿದಾಗ ಮೇಡಂ, "ಹೋಗಪ್ಪ ಮೇಲೇನೇ, ಕಾನೂನು ಪ್ರಕಾರ ತಪ್ಪು, ಆದ್ರೆ ಅವರಿಗೆ ಬೇಕಾಗಿರೋದೇ ಅದು" ಅಂದರು. ಈ ಹೆಂಗಸಿನ ಜೊತೆ ಜಗಳ ಆಡಬಹುದು ಅಂತ ಆಗ ಖುಷಿಯಾಯಿತು.

ಆದರೆ ನಾವು ದಿನ ಆರಿಸಿಕೊಂಡಿದ್ದು ಮಾಲೆ ಹಾಕುವ ಕಾಲದಲ್ಲಿ. ಅಯ್ಯಪ್ಪ ಮಾಲೆ ಹಾಕಿದವರ ಬಸ್ಸೊಂದು ಬಂದು ದೇವಸ್ಥಾನದ ಮುಂದೆ ನಿಂತಿತು. ಎಲ್ಲರದ್ದೂ ಕಪ್ಪು ಪಂಚೆ, ಎಲ್ಲರದ್ದೂ ವಾರಗಟ್ಟಲೆ ಬೆಳೆದ ಗಡ್ಡ, ಹಣೆ ತುಂಬ ಗಂಧ ವಿಭೂತಿ. ಪರದೆಯ ಮೇಲೆ ಒಬ್ಬನ ಮುಖದ ಪಕ್ಕ ಹೆಸರು ಮೂಡಿತು: ಪೊಲೀಸರು ಹುಡುಕುತ್ತಿರುವ ಸರಗಳ್ಳ, ಇವನೇ. ಒಬ್ಬ ಕಾನ್‌ಸ್ಟೆಬಲ್ ಹೋಗಿ ಕೈಮುಗಿದ. ಮಾಲೆ ಹಾಕಿದವರನ್ನು ಬೇರೆ ಹೇಗೆ ಕರೆಯುವುದು?

"ಸ್ವಾಮಿ, ಸ್ವಲ್ಪ ಈ ಕಡೆ ಬರ್ತೀರಾ."

ಗುಂಪಿನ ಗುರುಸ್ವಾಮಿ ಮುಂದೆ ಬಂದರು. "ನಮ್ಮ ಸ್ವಾಮಿ ಏನ್ ಮಾಡಿದ್ರು ಸ್ವಾಮಿ?"

"ಏನಿಲ್ಲ ಸ್ವಾಮಿ, ಕ್ಯಾಮೆರಾ ಏನೋ ಹೇಳ್ತಾ ಇದೆ ಸ್ವಾಮಿ."

ಆ ಮನುಷ್ಯ ತನ್ನ ಊರಲ್ಲಿ ಸ್ಕೂಲ್ ಬಸ್ ಓಡಿಸುವವನು. ಕರೆದ ಕಾರಣ ತಿಳಿದಾಗ ಅವನು ಮೊದಲು ತಿರುಗಿ ಜನರನ್ನು ನೋಡಿದ. ಸುತ್ತ ಮೊಬೈಲುಗಳು ಮೇಲೆ ಎದ್ದಿದ್ದವು. "ಮೇಡಂ, ಇದು ವಾಟ್ಸಾಪಲ್ಲಿ ಬಂದ್ರೆ ನನ್ನ ಕೈಗೆ ಮಕ್ಕಳನ್ನ ಯಾರು ಕೊಡ್ತಾರೆ?" ಅಂದ. ಅಷ್ಟರಲ್ಲಿ ಪರದೆ ಅದೇ ಬಸ್ಸಿನಿಂದ ಇಳಿದ ಇನ್ನಿಬ್ಬರನ್ನೂ ಅದೇ ಸರಗಳ್ಳ ಅಂತ ತೋರಿಸಿತು.

ನನ್ನ ನಾಲಿಗೆ ತುದಿಯಲ್ಲಿ ಮಾತು ತಯಾರಾಗಿತ್ತು. ಆಡುವ ಅಗತ್ಯ ಬೀಳಲಿಲ್ಲ. ಸುಧಾಮಣಿ ಮೇಡಂ ಮೊಬೈಲು ಹಿಡಿದವರ ಮುಂದೆ ಹೋಗಿ ನಿಂತು, "ತಪ್ಪು ನಮ್ಮದು. ಇವರದ್ದಲ್ಲ. ಹಾಕೋದಾದ್ರೆ ನಾನು ಹೇಳಿದ್ದನ್ನೂ ಸೇರಿಸಿ ಹಾಕಿ" ಅಂತ ಜೋರಾಗಿ ಹೇಳಿದರು. ಆಮೇಲೆ ಆ ಮನುಷ್ಯನ ಜೊತೆ ಬಸ್ಸಿನ ತನಕ ನಡೆದು, ಎಲ್ಲರೂ ನೋಡುವ ಹಾಗೆ ಕ್ಷಮೆ ಕೇಳಿ ಹತ್ತಿಸಿ ಬಂದರು. ಜೀಪಿಗೆ ಬಂದು ಕೂತು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಮುಖ ಹುಡುಕೋದು ಬೇಡ," ಅಂದರು. "ಕಳ್ಳನ್ನ ನಾನು ಹಳೇ ರೀತೀಲೇ ಹಿಡೀತೀನಿ. ನೀವು ಗೆದ್ರಿ, ಖುಷೀನಾ?"

ಖುಷಿಯಾಗಿದ್ದೆ. ಆದರೆ ಗೆದ್ದದ್ದು ನಾನಲ್ಲ ಅಂತಲೂ ಗೊತ್ತಿತ್ತು. ಅಧಿಕಾರದಲ್ಲಿರುವವರು ಎಲ್ಲರ ಮುಂದೆ ತಪ್ಪು ನಮ್ಮದು ಅನ್ನುವುದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ತೋರಿಸಿಕೊಟ್ಟದ್ದಕ್ಕೆ ಅವರಿಗೆ ನಾನು ಋಣಿ.

ಎರಡನೇ ಕಂಪನಿಯದು ಸಾದಾ ಸಾಮಾನು. ಅದಕ್ಕೆ ಮುಖ ಬೇಡ, ಹೆಸರು ಬೇಡ. ಪರದೆಯ ಮೇಲೆ ಮನುಷ್ಯರು ಬರೀ ಆಕಾರಗಳಾಗಿ ಕಾಣುತ್ತಿದ್ದರು. ಯಾರಾದರೂ ಗೋಡೆ ಹತ್ತಿದರೆ, ಒಂದೇ ಕಡೆ ಗುಂಪು ಸೇರಿದರೆ, ಅಥವಾ ಹಗಲು ಹೊತ್ತಿನಲ್ಲಿ ಬಿದ್ದವರು ಬಹಳ ಹೊತ್ತು ಅಲುಗದಿದ್ದರೆ ಗಂಟೆ ಹೊಡೆಯುತ್ತಿತ್ತು, ಅಷ್ಟೇ. ಚಿತ್ರ ಜೈಲಿನ ಯಂತ್ರದಲ್ಲೇ ಇದ್ದು, ಕೆಲವು ದಿನಕ್ಕೆ ತಾನೇ ಅಳಿಸಿಹೋಗುತ್ತಿತ್ತು. ಇದನ್ನು ಪರೀಕ್ಷೆಗೆ ಇಡೋಣ, ಆದರೆ ನನ್ನ ಷರತ್ತುಗಳಿವೆ ಅಂದೆ. ಹೊರಗಿನ ಯಾರಿಗೂ ಯಾವ ಕಾರಣಕ್ಕೂ ಪರದೆ ತೋರಿಸಕೂಡದು. ಗಂಟೆ ಹೊಡೆದಾಗ ಪರದೆ ನೋಡಿ ಸರಿಯಾಗಿದೆ ಅಂತ ಗುಂಡಿ ಒತ್ತಕೂಡದು, ಒಬ್ಬರು ಎದ್ದು ಹೋಗಿ ಆ ಮನುಷ್ಯನನ್ನು ಹೆಸರು ಹಿಡಿದು ಮಾತಾಡಿಸಬೇಕು.

"ಹೆಸರು ಹಿಡಿದು ಯಾಕಮ್ಮ?" ಅಂದರು ಗಂಗಾಧರಯ್ಯನವರು.

"ಪರದೆ ಮೇಲೆ ಅವರಿಗೆ ಹೆಸರಿರಲ್ಲ ಸರ್. ಬೇರೆ ಎಲ್ಲಾದ್ರೂ ಇರಲಿ."

ಅವರು ನಕ್ಕು ಸಹಿ ಹಾಕಿದರು. ಮಹದೇವಣ್ಣ ನಗಲಿಲ್ಲ. ನಡೆಯುವವನು ಅವನು.

ಧನುರ್ಮಾಸ ಬಂತು. ಅರಸೀಕೆರೆಯ ಚಳಿ ಏನು ಅಂತ ಅಲ್ಲಿದ್ದವರಿಗೆ ಗೊತ್ತು. ಬೆಳಗಿನ ರೈಲು ಇಳಿದರೆ ಮೂಗಿನ ತುದಿ ನಮ್ಮದಲ್ಲ ಅನಿಸುತ್ತಿತ್ತು. ಜೈಲಿನಲ್ಲಿ ಎಲ್ಲರೂ ಕಂಬಳಿ ಹೊದ್ದವರೇ. ಆದರೆ ಹಗಲು ಹೊತ್ತೂ ತಲೆ ಮುಚ್ಚಿ ಮಲಗಿದ್ದವನು ಶಿವಣ್ಣ ಒಬ್ಬನೇ. ಕಪ್ಪು ಕಂಬಳಿಯ ಒಳಗೆ ಉಸಿರಾಡುವ ಮನುಷ್ಯನನ್ನು ಆ ಸಾಫ್ಟ್‌ವೇರ್ ಎಲ್ಲೂ ನೋಡಿ ಕಲಿತಿರಲಿಲ್ಲ. ಅದರ ಲೆಕ್ಕಕ್ಕೆ ಅವನು ಬಿದ್ದಿದ್ದಾನೆ, ಅಲುಗುತ್ತಿಲ್ಲ. ಗಂಟೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಗಂಟೆ. ತಿಂಡಿ ಹೊತ್ತಿಗೆ, ಬಿಸಿಲು ಏರಿದಾಗ, ಊಟವಾದ ಮೇಲೆ, ಸಂಜೆ.

ಪ್ರತಿ ಸಲವೂ ಮಹದೇವಣ್ಣ ಗೊಣಗುತ್ತಾ ಎದ್ದು ಹೋಗುತ್ತಿದ್ದ. ಮೊದಲ ದಿನಗಳಲ್ಲಿ ನಾನು ಕೇಳಿಸಿಕೊಂಡದ್ದು ಇಷ್ಟೇ: "ಶಿವಣ್ಣಾ. ಏ ಶಿವಣ್ಣಾ. ಇದೀಯೇನಪ್ಪಾ?" ಉತ್ತರ ಬರುತ್ತಿರಲಿಲ್ಲ. ಕಂಬಳಿ ಸ್ವಲ್ಪ ಅಲುಗುತ್ತಿತ್ತು, ಮಹದೇವಣ್ಣ ವಾಪಸು ಬರುತ್ತಿದ್ದ. "ಇವನು ಸತ್ತವ್ನೆ ಅಂತ ಆ ಮಿಷನ್ನು, ಬದುಕವ್ನೆ ಅಂತ ನಾನು. ದಿನಾ ಇದೇ ವ್ಯಾಜ್ಯ," ಅಂತ ನನ್ನ ಮೇಲೆ ರೇಗುತ್ತಿದ್ದ. "ಚರ್ಚೆ ಮೇಡಂ, ನಿಮ್ಮ ರೂಲ್ಸು ಮಾಡೋವಾಗ ನನ್ನ ಕಾಲು ಕೇಳಿದ್ರಾ?"

ವಾರ ಕಳೆದ ಮೇಲೆ ಒಂದು ದಿನ ಹೋದವನು ಬೇಗ ಬರಲಿಲ್ಲ. ಬಂದವನ ಮುಖ ಬೇರೆಯಾಗಿತ್ತು.

"ಮಾತಾಡ್ದ ಸಾ," ಅಂದ ಜೈಲರಿಗೆ.

"ಏನಂದ?"

"'ಇನ್ನೂ ಸತ್ತಿಲ್ಲ, ಹೋಗು' ಅಂದ."

ಗಂಗಾಧರಯ್ಯನವರು ಮಫ್ಲರ್ ಸರಿಮಾಡಿಕೊಂಡು, "ಒಳ್ಳೇ ಸುದ್ದಿ," ಅಂದರು. ನಿಜಕ್ಕೂ ಒಳ್ಳೆಯ ಸುದ್ದಿಯೇ.

ಅಂದಿನಿಂದ ಬೈಗುಳದ ಲೇವಾದೇವಿ ಶುರುವಾಯಿತು. "ಮತ್ತೆ ಬಂದ್ಯಾ?" "ಬರದೆ ಏನ್ಮಾಡ್ಲಿ, ನೀನು ಕಂಬಳಿ ತೆಗೆಯಲ್ಲ." "ಚಳಿ ಕಣಣ್ಣ." "ಅಂಗಳದಲ್ಲಿ ಬಿಸಿಲು ಬಿದ್ದೈತೆ, ದುಡ್ಡು ಕೊಟ್ಟು ತಂದಿದ್ದಲ್ಲ, ಬಂದು ಕೂತ್ಕೋ." ಬಂದು ಕೂರಲಿಲ್ಲ. ಆದರೆ ಅರ್ಧ ಮುದ್ದೆ ಉಂಡನಂತೆ. ಮಾರನೇ ದಿನವೂ ಉಂಡ.

ನಾನು ವಿರೋಧ ಪಕ್ಷದವಳು, ಇಲ್ಲೂ ಒಂದು ಮಾತು ಹೇಳಬೇಕು. ಇದರಿಂದ ಆ ಸಾಫ್ಟ್‌ವೇರ್ ಒಳ್ಳೆಯದು ಅಂತ ಸಾಬೀತಾಗುವುದಿಲ್ಲ. ಅದು ತಪ್ಪೇ ಮಾಡುತ್ತಿತ್ತು, ದಿನಕ್ಕೆ ಹತ್ತಾರು ಸಲ. ತಪ್ಪು ಗಂಟೆ ಕೇಳಿ ಕೇಳಿ ನಿಜವಾದ ಗಂಟೆಗೂ ಯಾರೂ ಏಳದ ದಿನ ಬರುತ್ತದೆ. ಆದ್ದರಿಂದ ಕಂಪನಿಯವರು ಫೋನಿನಲ್ಲಿ, "ಸ್ವಲ್ಪ ಟೈಮ್ ಕೊಡಿ, ಕಂಬಳಿ ಗುರುತಿಸೋ ಹಾಗೆ ಸರಿ ಮಾಡ್ತೀವಿ" ಅಂದಾಗ ನಾನೂ ಹೂಂ ಅಂದೆ.

ಆ ಸರಿಮಾಡುವಿಕೆ ಬರುವ ಮುಂಚೆ ಒಂದು ಮಂಗಳವಾರ ಶಿವಣ್ಣನ ಹೆಂಡತಿ ಜಯಮ್ಮ ಬಂದಳು. ಪ್ರತಿ ವಾರ ಬರುತ್ತಿದ್ದಳು, ಸಂದರ್ಶನದ ಜಾಲರಿಯ ಮುಂದೆ ಕಾಯುತ್ತಿದ್ದಳು, ಅವನು ಬರುತ್ತಿರಲಿಲ್ಲ, ವಾಪಸು ಹೋಗುತ್ತಿದ್ದಳು. ಅವತ್ತು ಯಾರೋ ಅವಳಿಗೆ ನನ್ನನ್ನು ತೋರಿಸಿದ್ದರು. ಸೀದಾ ಬಂದು ನಿಂತಳು.

"ಕ್ಯಾಮೆರಾ ಹಾಕ್ಸೋರು ನೀವೇ ಏನವ್ವಾ?"

"ಆರಿಸೋರಲ್ಲಿ ಒಬ್ಬಳು."

"ನಮ್ಮೋರು ಅದ್ರಲ್ಲಿ ಕಾಣ್ತಾರಂತೆ. ಒಂದ್ಸಲ ತೋರ್ಸಿ. ಮಾತಾಡೋದು ಬ್ಯಾಡ, ನೋಡ್ಕೊಂಡ್ ಹೋಯ್ತೀನಿ. ಎಷ್ಟು ಸೊರಗವ್ರೆ ಅಂತ ಗೊತ್ತಾದ್ರೆ ಸಾಕು."

ಜೈಲರ್ ನನ್ನ ಕಡೆ ನೋಡಿದರು. ಪರದೆ ಅವರ ಬೆನ್ನ ಹಿಂದೆಯೇ ಇತ್ತು. ನಾಲ್ಕು ಹೆಜ್ಜೆ ಇಟ್ಟಿದ್ದರೆ ಅವಳಿಗೆ ಕಾಣುತ್ತಿತ್ತು. ಹೊರಗಿನವರಿಗೆ ತೋರಿಸಕೂಡದು ಅನ್ನುವ ಷರತ್ತು ನನ್ನದೇ. ಅದನ್ನು ಬರೆಯುವಾಗ ನನ್ನ ಮನಸ್ಸಿನಲ್ಲಿದ್ದವರು ಪತ್ರಿಕೆಯವರು, ರಾಜಕೀಯದವರು. ಹಾಲು ಹಾಕುವವನ ಹೆಂಡತಿ ಇರಲಿಲ್ಲ. ಆದರೆ ಒಳಗಿದ್ದವನು ಯಾರಿಗೂ ಮುಖ ತೋರಿಸಲಾರೆ ಅಂತ ಕಂಬಳಿ ಎಳೆದುಕೊಂಡವನು. ಅವನಿಗೆ ಗೊತ್ತಿಲ್ಲದ ಹಾಗೆ ಅವನನ್ನು ತೋರಿಸುವ ಅಧಿಕಾರ ನನಗೆ ಯಾರು ಕೊಟ್ಟರು? ಅದೂ ಅಲ್ಲದೆ ಅದರಲ್ಲಿ ಅವಳಿಗೆ ಕಾಣುವುದಾದರೂ ಏನು? ಮುಖವಿಲ್ಲದ ಒಂದು ಆಕಾರ, ಸುತ್ತ ಒಂದು ಗೆರೆ.

"ಆಗಲ್ಲ ಜಯಮ್ಮ," ಅಂದೆ. "ಅವರು ಒಪ್ಪದೆ ತೋರ್ಸೋಕಾಗಲ್ಲ."

ಅವಳು ಅಳಲಿಲ್ಲ. ರೇಗಿದಳು. "ಊರಿಗೆಲ್ಲ ಕಾಣೋಕೆ ಕ್ಯಾಮೆರಾ ಹಾಕ್ತೀರಿ, ಕಟ್ಕೊಂಡೋಳಿಗೆ ಕಾಣಕೂಡದಾ? ಯಾವ ಸೀಮೆ ನ್ಯಾಯ ಕಲ್ತಿದೀಯವ್ವಾ ನೀನು?"

ಅಷ್ಟು ಒಳ್ಳೆಯ ಖಂಡನೆ ನನಗೆ ಯಾವ ವೇದಿಕೆಯಲ್ಲೂ ಎದುರಾಗಿರಲಿಲ್ಲ. ಆಗ ಗಂಟೆ ಹೊಡೆಯಿತು. ಬಿದ್ದಿದ್ದಾನೆ, ಅಲುಗುತ್ತಿಲ್ಲ. ಅದೇ ಕಂಬಳಿ, ಅದೇ ತಪ್ಪು. ಮಹದೇವಣ್ಣ ಎದ್ದ. ಜಯಮ್ಮನ ಮುಖ ನೋಡಿದ, ನನ್ನ ಮುಖ ನೋಡಿದ, ಲಾಠಿ ಅಲ್ಲೇ ಬಿಟ್ಟು ಹೋದ. ಬ್ಯಾರಕ್ಕು ದೂರವಲ್ಲ, ಅವನ ದನಿ ಮೊದಲೇ ದೊಡ್ಡದು. ನಮಗೆಲ್ಲ ಕೇಳಿಸಿತು.

"ಶಿವಣ್ಣಾ! ಇದೀಯೇನೋ?"

"ಇವ್ನಿ, ಹೋಗಣ್ಣ."

"ಹೋಗಲ್ಲ. ನಿನ್ ಹೆಂಡ್ತಿ ಬಂದವ್ಳೆ. ನಿನ್ನ ಟಿವೀಲಿ ತೋರ್ಸಿ ಅಂತ ಹಠ ಹಿಡಿದವ್ಳೆ. ಆ ಚರ್ಚೆ ಮೇಡಮ್ಮು, ಅವನು ಹೂಂ ಅನ್ನದೆ ತೋರ್ಸಲ್ಲ ಅಂತಾವ್ರೆ. ಹೊರಗೆ ದೊಡ್ಡ ಜಗಳ. ಈಗ ನೀನೇ ಹೇಳಪ್ಪಾ ತೀರ್ಪು. ಟಿವೀಲಿ ಬತ್ತೀಯೋ, ಎದ್ದು ಬತ್ತೀಯೋ?"

ಜಯಮ್ಮ ಸೆರಗಿನ ತುದಿ ಹಿಡಿದು ನಿಂತಿದ್ದಳು. ಆಮೇಲೆ ಶಿವಣ್ಣನ ದನಿ, ಈ ಸಲ ಬೈಗುಳವಿಲ್ಲದ್ದು:

"ನನ್ನ ಕೇಳ್ಬೇಕು ಅಂದ್ರಾ?"

"ಹೂಂ ಕಣೋ. ನಿನ್ನೇ ಕೇಳ್ಬೇಕಂತೆ."

ಮಹದೇವಣ್ಣನ ಹಿಂದೆ ಅವನು ನಡೆದುಕೊಂಡು ಬಂದ. ಗಡ್ಡ ಬೆಳೆದಿತ್ತು, ಕಣ್ಣು ಬೆಳಕಿಗೆ ಮುಚ್ಚಿಕೊಳ್ಳುತ್ತಿದ್ದವು. ಜಾಲರಿಯ ಮುಂದೆ ಬಂದು ನೆಲ ನೋಡುತ್ತಾ ನಿಂತ. ಜಯಮ್ಮ ಜಾಲರಿಗೆ ಮುಖ ಹಚ್ಚಿ ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ಆಮೇಲೆ, "ನಿಮ್ಮ ತಮ್ಮ ಮನೆಗೆ ಬಂದವ್ನೆ. ಹಸು ಹಾಲು ಅವನೇ ಡೈರಿಗೆ ಹಾಕ್ತಾವ್ನೆ. ಅಣ್ಣ ಉಂಡ್ನಾ ಅಂತ ದಿನಾ ಕೇಳ್ತಾನೆ, ನಾನು ಏನ್ ಹೇಳ್ಲಿ?" ಅಂದಳು.

ಜೈಲರ್, ಮಹದೇವಣ್ಣ, ನಾನು ಮೂವರೂ ಅಲ್ಲಿಂದ ಅಂಗಳಕ್ಕೆ ಹೋದೆವು. ಅದಕ್ಕೆ ಯಾವ ಷರತ್ತೂ ಬೇಕಿರಲಿಲ್ಲ.

ಕೆಲವು ದಿನಗಳಲ್ಲಿ ಕಂಪನಿಯವರ ಸರಿಮಾಡುವಿಕೆ ಬಂತು. ಸಾಫ್ಟ್‌ವೇರ್ ಕಂಬಳಿಯನ್ನು ಕಲಿತುಕೊಂಡಿತು.

ಗಂಟೆ ನಿಂತಿತು. ಜೈಲು ತಣ್ಣಗಾಯಿತು. ಮಹದೇವಣ್ಣ ಕುರ್ಚಿಯಲ್ಲಿ ಕೂತು ಆರಾಮಾಗಿ ಕಾಲು ಚಾಚಿದ. ಎರಡು ದಿನ ಬಿಟ್ಟು ಹೋಗಿ ನೋಡಿದರೆ ಶಿವಣ್ಣ ಮತ್ತೆ ಗೋಡೆ ಕಡೆ ತಿರುಗಿ ಮಲಗಿದ್ದ. ತಟ್ಟೆಯಲ್ಲಿ ಮುದ್ದೆ ಮುಟ್ಟದೆ ಹಾಗೇ ಇತ್ತು. ಪರದೆಯಲ್ಲಿ ಎಲ್ಲವೂ ಹಸಿರು.

ಕೊನೆಯ ಸಭೆಯಲ್ಲಿ ನಾನು ಎದ್ದು ನಿಂತು ಮಾತಾಡಲಿಲ್ಲ, ಕೂತೇ ಹೇಳಿದೆ. ಈ ಸಾಫ್ಟ್‌ವೇರನ್ನೇ ತಗೊಳ್ಳೋಣ. ಆದರೆ ಗಂಟೆ ಹೊಡೆಯಲಿ ಬಿಡಲಿ, ಹೋಗಿ ಹೆಸರು ಹಿಡಿದು ಕರೆಯೋದು ನಿಲ್ಲಕೂಡದು.

"ಸಿಬ್ಬಂದಿ ಸಾಲಲ್ಲ ಅಂತಲೇ ಅಲ್ವೇನಮ್ಮ ನಾನು ಇದನ್ನ ಕೇಳಿದ್ದು?" ಗಂಗಾಧರಯ್ಯನವರ ದನಿ ಮೊದಲ ಸಲ ಏರಿತು. "ಸಾಫ್ಟ್‌ವೇರ್ ತಂದ ಮೇಲೂ ನಡೀಬೇಕು ಅಂದ್ರೆ ತಂದು ಏನು ಬಂತು?"

"ಈಗ ಹಗಲೆಲ್ಲ ಒಬ್ಬರು ಹಿಂದಿನ ಗೋಡೆ ಕಾಯ್ತಾರೆ ಸರ್. ಗೋಡೆಗೆ ಬೇಜಾರಾಗಲ್ಲ, ಅದನ್ನ ಕ್ಯಾಮೆರಾ ನೋಡ್ಲಿ. ಅದಕ್ಕೆ ಈ ಯಂತ್ರ ಚೆನ್ನಾಗಿದೆ, ನಾನೇ ಒಪ್ತೀನಿ. ಆ ಗೋಡೆಯವರು ಎದ್ದು ಒಳಗೆ ಓಡಾಡಲಿ."

ಅವರು ಸುಧಾಮಣಿ ಮೇಡಂ ಕಡೆ ನೋಡಿದರು. ಮೇಡಂ, "ಈ ಹುಡುಗಿ ಒಂದು ವಿಷಯದ ಪರ ಮಾತಾಡಿದ್ದನ್ನ ನಾನು ಇದೇ ಮೊದಲು ನೋಡ್ತಿರೋದು. ಬೇಗ ಸಹಿ ಹಾಕಿ ಸರ್, ಮನಸ್ಸು ಬದಲಾಯಿಸಿಬಿಟ್ಟಾಳು," ಅಂದರು.

ಗಂಗಾಧರಯ್ಯನವರು ಪೆನ್ನಿನ ಮುಚ್ಚಳ ತೆಗೆದರು. "ಸಾಫ್ಟ್‌ವೇರ್ ಆರಿಸಿ ಅಂತ ಕರೆದ್ರೆ ನಮಗೇ ಕೆಲಸ ಆರಿಸಿದ್ರಲ್ಲಮ್ಮ," ಅಂತ ಹೇಳಿ ಸಹಿ ಹಾಕಿದರು. ನನಗಿಂತ ಮೂವತ್ತು ವರ್ಷ ಹಿರಿಯರು. ನನ್ನ ಒಂದೊಂದು ಮಾತಿಗೂ ಕಿವಿಗೊಟ್ಟು, ತಾವು ಸೋಲಬೇಕಾದಲ್ಲಿ ಸೋತು, ನನ್ನನ್ನು ಸೋಲಿಸಬೇಕಾದಲ್ಲಿ ಒಂದೇ ಪ್ರಶ್ನೆಯಲ್ಲಿ ಸೋಲಿಸಿದವರು. ವಾದ ಮಾಡುವುದನ್ನು ನಾನು ಕಾಲೇಜಿನಲ್ಲಿ ಕಲಿತೆ. ಯಾರಿಗಾಗಿ ಮಾಡಬೇಕು ಅನ್ನುವುದನ್ನು ಆ ಮೇಜಿನ ಮುಂದೆ ಕಲಿತೆ.

ಅವತ್ತು ಸಂಜೆಯೇ ಮಹದೇವಣ್ಣ, ಗಂಟೆ ಗಿಂಟೆ ಏನೂ ಇಲ್ಲದೆ, ಎದ್ದು ಹೋದ. "ಶಿವಣ್ಣಾ!"

"ಮಿಷನ್ ರಿಪೇರಿ ಆಯ್ತು ಅಂದ್ರಲ್ಲ. ಮತ್ಯಾಕೆ ಬಂದೆ?"

"ಮಿಷನ್ನು ನೀನು ಚೆನ್ನಾಗಿದೀಯ ಅಂತೈತೆ. ನಂಗೆ ನಂಬಿಕೆ ಬರ್ಲಿಲ್ಲ."

ಸಂಕ್ರಾಂತಿ ಕಳೆದ ಮೇಲೆ ಶಿವಣ್ಣನಿಗೆ ಜಾಮೀನಾಯಿತು. ನಾನು ಸಮಿತಿಯ ಕೊನೆಯ ಕಾಗದ ಕೊಡಲು ಹೋಗಿದ್ದ ದಿನವೇ ಬಿಡುಗಡೆ. ಗೇಟಿನ ಹೊರಗೆ ಜಯಮ್ಮ ನಿಂತಿದ್ದಳು, ಜೊತೆಗೆ ತಲೆಗೆ ಟವೆಲ್ ಸುತ್ತಿಕೊಂಡ ಒಬ್ಬ ತೆಳ್ಳನೆಯ ಯುವಕ. ತಮ್ಮನೇ. ಅಣ್ಣ ತಮ್ಮ ಮಾತಾಡಲಿಲ್ಲ. ತಮ್ಮ ಬಂದು ಅಣ್ಣನ ಕೈಯಿಂದ ಬಟ್ಟೆಯ ಚೀಲ ಇಸಿದುಕೊಂಡ, ಅಷ್ಟೇ. ಜಯಮ್ಮ ನನ್ನ ಹತ್ತಿರ ಬಂದು ಎಳ್ಳು ಬೆಲ್ಲದ ಪೊಟ್ಟಣ ಕೈಗಿಟ್ಟಳು. "ಅವತ್ತು ಬೈದೆ ಅಂತ ಬೇಜಾರು ಮಾಡ್ಕೋಬ್ಯಾಡವ್ವ," ಅಂದಳು. ಬೇಜಾರಲ್ಲ, ಆ ಬೈಗುಳಕ್ಕೆ ಇನ್ನೂ ಉತ್ತರ ಹುಡುಕುತ್ತಾ ಇದ್ದೀನಿ ಅಂದೆ. ಈಗಲೂ ಹುಡುಕುತ್ತಿದ್ದೇನೆ.

ಶಿವಣ್ಣ ಗೇಟು ದಾಟಿ ತಿರುಗಿ ನಿಂತ. "ಬತ್ತೀನಣ್ಣ," ಅಂದ.

"ಥೂ, ಬತ್ತೀನಿ ಅಂದ್ರೆ ಕಾಲ್ ಮುರೀತೀನಿ!" ಮಹದೇವಣ್ಣ ಹೌಹಾರಿದ. "ಬೇರೆ ಕಡೆ ಹಂಗನ್ನು. ಇಲ್ಲಿಂದ ಹೋಗೋವಾಗ 'ಹೋಯ್ತೀನಿ' ಅನ್ಬೇಕು ಕಣೋ. ಅಷ್ಟೂ ತಿಳಿಯಲ್ವಾ?"

ಶಿವಣ್ಣ ನಕ್ಕ. ಅವನು ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಆಯ್ತು, ಹೋಯ್ತೀನಿ. ನೀನಾದ್ರೂ ಬಾ ಹಗರೆಗೆ. ಇಲ್ಲಿ ಕರೀದಿದ್ರೂ ದಿನಾ ಬತ್ತಿದ್ದೆ. ಅಲ್ಲಿಗೆ ಕರೀತಾ ಇವ್ನಿ."

ಮಹದೇವಣ್ಣ ಗೇಟಿನ ಕೀಲಿಗೊಂಚಲಲ್ಲಿ ಸರಿಯಾದ ಕೀಲಿ ಹುಡುಕುತ್ತಾ ಬಹಳ ಹೊತ್ತು ತಲೆ ಬಗ್ಗಿಸಿಕೊಂಡೇ ಇದ್ದ. ಆಮೇಲೆ, ತಲೆಯೆತ್ತದೆ, "ಬತ್ತೀನಿ," ಅಂದ.